ಮೂರನೆಯ ಮೈಕು

“ಇದೂ ಲೆಕ್ಕಕ್ಕೆ ಬರಲ್ಲ ಸಾರ್,” ಎಂದ ರೆಕಾರ್ಡಿಂಗ್ ಎಂಜಿನಿಯರ್, ಗಾಜಿನ ಆಚೆಯಿಂದ. “ಮೊದಲನೇ ಮೈಕಿಗೆ ಕಟ್ಟಡ ಅಲ್ಲಾಡೋ ಹಾಗೆ ಕೂಗಿದ್ರಿ. ಎರಡನೇದಕ್ಕೆ ಬರೀ ಅರ್ಧ ಉಸಿರು. ಹೀಗಾದ್ರೆ ನಾನು ಮೈಕುಗಳನ್ನ ಹೋಲಿಸಲೋ, ನಿಮ್ಮನ್ನೇ ಹೋಲಿಸಲೋ?”

ಹೆಡ್‌ಫೋನ್ ಏರಿಸಿಕೊಂಡು ಒಳಗಿನ ಸಣ್ಣ ಕೋಣೆಯಲ್ಲಿ ನಿಂತಿದ್ದವನು ಹೆವಿ ಮೆಟಲ್ ಹಾಡುಗಾರ. ಗೆಳೆಯರು ಇಟ್ಟ ಹೆಸರು ಗುಡುಗು. ವೇದಿಕೆ ಹತ್ತಿ ಗಂಟಲು ಬಿಟ್ಟನೆಂದರೆ ಮುಂದಿನ ಸಾಲಿನವರು ಎದೆ ಹಿಡಿದುಕೊಳ್ಳಬೇಕು. ಕೆಳಗಿಳಿದ ಮೇಲೆ ಮಾತ್ರ ಅಂಥ ಸಾಧು ಇನ್ನೊಬ್ಬನಿಲ್ಲ; ಬಸ್ಸಿನಲ್ಲಿ ತನ್ನ ಕಾಲು ತುಳಿದವರಿಗೆ ತಾನೇ ಸಾರಿ ಹೇಳುವ ಜಾತಿ. ಅವನ ಮೊದಲ ಆಲ್ಬಮ್ಮಿಗೆ ಯಾವ ಮೈಕು ಒಗ್ಗುತ್ತದೆ ಎನ್ನುವುದು ಇವತ್ತು ತೀರ್ಮಾನವಾಗಬೇಕಿತ್ತು. ಒಂದು, ವೇದಿಕೆಯ ಮೇಲೆ ಕೈಯಲ್ಲಿ ಹಿಡಿಯುವಂಥದ್ದು, ಎಷ್ಟು ಅರಚಿದರೂ ಜಗ್ಗದ ಗಟ್ಟಿಪಿಂಡ. ಇನ್ನೊಂದು ರೇಡಿಯೋದವರು ಬಳಸುವ ದಪ್ಪನೆಯದು. ಮೂರನೆಯದು ಬಹಳ ಸೂಕ್ಷ್ಮ, ಎಂಜಲು ನುಂಗಿದ ಸದ್ದನ್ನೂ ಬಿಡುವುದಿಲ್ಲ. ಮೂರನ್ನೂ ಒಟ್ಟಿಗೆ ಬಾಯಿಯ ಮುಂದೆ ಹಿಡಿಯಲಾಗುವುದಿಲ್ಲವಲ್ಲ, ಒಂದೊಂದಕ್ಕೂ ಬೇರೆಯಾಗಿ ಕೂಗಬೇಕು. ಆದರೆ ಕೂಗು ಒಂದೇ ಥರ ಇರಬೇಕು. ತೊಡಕಿದ್ದದ್ದೇ ಅಲ್ಲಿ.

ಹೊರಗೆ ಓಣಿಯ ಬೆಂಚಿನ ಮೇಲೆ ಅವನ ಅಪ್ಪ ಕೂತಿದ್ದರು. ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ನಿಂತು ನಿಂತು ಕಿವಿ ಮಂದವಾದ ಮನುಷ್ಯ. ಮಗನ ಹಾಡು ರೆಕಾರ್ಡ್ ಆಗುತ್ತದಂತೆ ಎಂದು ಇಸ್ತ್ರಿಯ ಅಂಗಿ ತೊಟ್ಟು, ಕರೆಯದಿದ್ದರೂ ಹೊರಟು ನಿಂತಿದ್ದರು. ದಾರಿಯುದ್ದಕ್ಕೂ ಕೇಳಿದ್ದನ್ನೇ ಕೇಳಿ ಮಗನ ತಲೆ ತಿಂದಿದ್ದರು. ಅವನು ಬೆಂಚು ತೋರಿಸಿ, ಇಲ್ಲಿಂದ ಏಳಬೇಡ ಎಂದು ಕೂರಿಸಿ ಬಂದಿದ್ದ.

“ಹಾಡಿನ ಸಾಲು ಬಿಡಿ,” ಎಂದ ಎಂಜಿನಿಯರ್. “ನಿದ್ದೆಯಿಂದ ಎಬ್ಬಿಸಿದ್ರೂ ಒಂದೇ ಥರ ಬರೋ ಮಾತು ಯಾವುದಾದ್ರೂ ಇದ್ಯಾ? ಅದನ್ನೇ ಕೂಗಿ.”

ಗುಡುಗು ಕಣ್ಣು ಮುಚ್ಚಿದ. ಹುಡುಕುವ ಕಷ್ಟವೇ ಬೀಳಲಿಲ್ಲ, ಮಾತು ನಾಲಿಗೆಯ ತುದಿಯಲ್ಲೇ ಕಾದಿತ್ತು.

“ಎಷ್ಟು ಸಲ ಬಡ್ಕೋಬೇಕು ನಿಂಗೆ! ಮೂಲೇಲಿ ಬಾಯ್ಮುಚ್ಕೊಂಡು ಕೂತ್ಕೊಳ್ಳೋಕೆ ಏನು ರೋಗ!”

ಎಂಜಿನಿಯರ್ ಹೆಬ್ಬೆರಳೆತ್ತಿದ. ಮೈಕು ಬದಲಾಯಿತು, ಅದೇ ಮಾತು, ಅದೇ ಏರು. ಮತ್ತೆ ಬದಲಾಯಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭೇಷ್, ಇದನ್ನೇ ಹಾಡಿಗೆ ಸೇರಿಸಿ, ಬರೆದವರು ಯಾರೋ ಎದೆಗೇ ನಾಟುವ ಹಾಗೆ ಬರೆದಿದ್ದಾರೆ ಎಂದು ಹೊಗಳಿ, ಎಂಜಿನಿಯರ್ ಮೂರನೆಯ ಮೈಕಿನ ಕೂಗನ್ನು ಅವನ ಹೆಡ್‌ಫೋನಿಗೆ ಹಾಕಿ ಎದ್ದುಹೋದ.

ಮಾತು ತಿರುಗಿ ಕಿವಿಗೆ ಬಿದ್ದಾಗ ಗುಡುಗು ಬೆವತುಹೋದ. ಅದನ್ನು ಯಾರೂ ಬರೆದಿರಲಿಲ್ಲ. ಅಪ್ಪ ಎರಡನೇ ಸಲ ‘ಊಟ ಆಯ್ತೇನೋ’ ಎಂದರೆ, ಟೀವಿಯ ಸದ್ದು ಹೆಚ್ಚಿಸು ಎಂದರೆ, ತಾನು ದಿನಾ ಅವರ ಮೇಲೆ ಎಸೆಯುವ ಮಾತು ಅದು. ಕಿವುಡರಿಗೆ ಜೋರಾಗಿ ಹೇಳಲೇಬೇಕಲ್ಲ, ಹೇಗೂ ಅರ್ಧ ಕೇಳಿಸುವುದಿಲ್ಲ ಬಿಡು ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಕೇಳಿದರೆ ಜೋರು ಒಂದೇ ಅಲ್ಲ, ಹೆತ್ತವನನ್ನು ಕಸದ ಹಾಗೆ ಕಾಣುವ ತಾತ್ಸಾರ ಒಂದೊಂದು ಅಕ್ಷರದಲ್ಲೂ ಇತ್ತು. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು. ಅಳಿಸಿಬಿಡಿ ಅನ್ನೋಣವೆಂದು ತಲೆಯೆತ್ತಿದರೆ ಗಾಜಿನಾಚೆ ಕುರ್ಚಿ ಖಾಲಿ.

ಅಷ್ಟರಲ್ಲಿ ಎಂಜಿನಿಯರ್ ಗಾಜಿನಾಚೆಯ ಕೋಣೆಗೆ ವಾಪಸ್ ಬಂದ, ಅಪ್ಪನ ಕೈಹಿಡಿದುಕೊಂಡು. ತನ್ನ ಕುರ್ಚಿಯಲ್ಲೇ ಅವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಗುಡುಗು ಗಾಜು ಬಡಿದ. ಹೆಡ್‌ಫೋನ್ ಕಿತ್ತುಹಾಕಿ, ವೈರಿಗೆ ಎಡವಿ, ದಪ್ಪ ಬಾಗಿಲು ದೂಡಿಕೊಂಡು ಬರುವ ಹೊತ್ತಿಗೆ ಮೂರೂ ಮುಗಿದಿದ್ದವು.

“ಯಜಮಾನ್ರು ಹೊರಗೆ ಒಬ್ಬರೇ ಕೂತಿದ್ರು. ಮಗನ ಗಂಟಲು ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಅಂತ ಕರ್ಕೊಂಡ್ಬಂದೆ,” ಎಂದ ಎಂಜಿನಿಯರ್. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿ, ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳೋಣ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದ.

ಅಪ್ಪ ಎರಡೂ ಕೈಯಿಂದ ಹೆಡ್‌ಫೋನ್ ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟರು. ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಅಂಗಿಯ ಕಾಲರು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಮೂರನೇದು ಇಟ್ಕೊಳ್ಳಿ. ಮೊದಲಿನ ಎರಡ್ರಲ್ಲಿ ಬೇರೆ ಯಾರೋ ಕೂಗಿದ ಹಾಗಿದೆ. ಇದ್ರಲ್ಲಿ ಇವನೇ. ಮನೇಲಿ ಕೇಳ್ಸೋ ಹಾಗೇ ಇದೆ.”

ದೂರಿನ ದನಿಯಲ್ಲ ಅದು. ಮಗನ ಕೆಲಸಕ್ಕೆ ತನ್ನಿಂದಲೂ ಒಂದಿಷ್ಟು ಉಪಯೋಗವಾಯಿತಲ್ಲ ಎಂಬ ಖುಷಿ. ಎಂಜಿನಿಯರನ ನಗು ಅರ್ಧಕ್ಕೇ ನಿಂತಿತು. ಅವನು ಗುಡುಗುವಿನ ಮುಖ ನೋಡಿದ, ಆಮೇಲೆ ಆಗಲೇ ಸುತ್ತಿಟ್ಟಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

ಗುಡುಗು ಕುರ್ಚಿಯ ಪಕ್ಕ ಕುಕ್ಕರಿಸಿ ಕೂತ. “ತಪ್ಪಾಯ್ತಪ್ಪ,” ಎಂದ. ಮಾತು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಅಪ್ಪ ಕಿವಿಯ ಹಿಂದೆ ಅಂಗೈ ಹಿಡಿದು ಅವನ ಕಡೆ ವಾಲಿದರು. “ಏನಂದೆ? ಸ್ವಲ್ಪ ಜೋರಾಗಿ ಹೇಳೋ.”