ಹೊಸ ಮೆಷಿನ್ನಿನ ಕಾಫಿ

ಹದಿನೆಂಟು ವರ್ಷ ಅತ್ತೆ ಫಿಲ್ಟರಿನ ಮೊದಲ ಡಿಕಾಕ್ಷನ್ ತಾವು ಕುಡಿದು, ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೆಯದನ್ನು ಸೊಸೆ ವಾರಿಜಳಿಗೆ ಕೊಟ್ಟಿದ್ದರು. "ನಿನಗೆ ಇಷ್ಟು ಸಾಕು" ಎಂದು ಲೋಟ ಕುಕ್ಕುತ್ತಿದ್ದರು.

ಈಗ ಮನೆಗೆ ಎಸ್ಪ್ರೆಸೊ ಮೆಷಿನ್ ಬಂತು. ಅದರ ಗುಂಡಿಗಳು ಅತ್ತೆಗೆ ಅರ್ಥವಾಗಲಿಲ್ಲ. ವಾರಿಜ ಕಾದಿದ್ದು ಈ ದಿನಕ್ಕೇ. ಮೊದಲು ಇಳಿದ ಗಟ್ಟಿ ಕಾಫಿಯನ್ನು ತಾನು ಕುಡಿದಳು. ಪುಡಿ ಬದಲಿಸದೆ ಇನ್ನೊಮ್ಮೆ ಗುಂಡಿ ಒತ್ತಿ, ಬಂದ ಸಪ್ಪೆ ನೀರಿಗೆ ಹಾಲು ಬೆರೆಸಿ ಅತ್ತೆಯ ಮುಂದಿಟ್ಟಳು.

"ಹೇಗಿದೆ ಅತ್ತೆ, ಮೆಷಿನ್ ಕಾಫಿ?"

ಅತ್ತೆ ಲೋಟ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಎರಡನೇದು ತಾನೇ? ನಮ್ಮತ್ತೆಗೂ ನಾನು ಇದನ್ನೇ ಕೊಡ್ತಿದ್ದೆ ಕಣೇ. ಪಾಪ, ಸಾಯೋವರೆಗೂ ಅವರಿಗೆ ಗೊತ್ತಾಗ್ಲಿಲ್ಲ."