ಸುಲಭಾಬಾಯಿಯ ಹೌದು

ಲ್ಯಾಪ್‌ಟಾಪಿನ ಪರದೆಯ ಮೇಲೆ ಸೊನ್ನೆ ಬಂದಾಗ ಕೇದಾರ ಮೊದಲು ಬೈದದ್ದು ಸಾಫ್ಟ್‌ವೇರಿಗೆ. ಪುಕ್ಕಟೆ ಸಿಕ್ಕಿದ್ದರ ಹಣೆಬರಹ ಇಷ್ಟೇ ಎಂದುಕೊಂಡು ಮತ್ತೊಮ್ಮೆ ಓಡಿಸಿದ. ಮತ್ತೆ ಅದೇ ಹಾಳು ಸೊನ್ನೆ. ಅಡುಗೆಮನೆಯಲ್ಲಿ ಅವನ ತಾಯಿ ಸುಲಭಾ, ಗಂಡನ ಮಾತ್ರೆಯನ್ನು ಪುಡಿ ಮಾಡಿ ಬಟ್ಟಲಲ್ಲಿ ಜೇನುತುಪ್ಪದೊಂದಿಗೆ ಕಲೆಸುತ್ತಿದ್ದರು.

ಗಂಡ ರಾಘಣ್ಣನವರಿಗೆ ಮರೆವಿನ ರೋಗ. ಆ ಮಾತ್ರೆ ತಿಂದರೆ ಉಂಡದ್ದೆಲ್ಲ ವಾಂತಿ. ಮೈ ಕರಗಿ ಕೋಲಾಗಿತ್ತು. ಮನೆಯ ಒಬ್ಬರ ಗುರುತಾದರೂ ಉಳಿದಿದ್ದರೆ ಮಾತ್ರೆ ಮುಂದುವರಿಸೋಣ, ಇಲ್ಲವಾದರೆ ಸುಮ್ಮನೆ ಯಾಕೆ ಹಿಂಸೆ ಎಂದಿದ್ದರು ಡಾಕ್ಟರು. ಅವರದೊಂದು ಹಟವಿತ್ತು. ಇವರು ಯಾರ್ಯಾರ ಗುರುತು ಹಿಡಿದರು ಎಂದು ತಾಯಿ ಮಗ ಇಬ್ಬರೂ ದಿನಾ ತಮ್ಮ ತಮ್ಮ ಮೊಬೈಲಿನಲ್ಲಿ ಹೌದು, ಇಲ್ಲ ಒತ್ತಬೇಕು. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಇಬ್ಬರ ಮಾತೂ ಹೊಂದಿದರಷ್ಟೇ ಅವರು ನಂಬುವವರು.

ಎರಡು ಕಡೆಯ ಮಾಹಿತಿ ಎಷ್ಟು ಹೊಂದುತ್ತದೆಂದು ನೋಡುವುದೇ ಕೇದಾರನ ಹೊಟ್ಟೆಪಾಡು. ಪುಣೆಯ ಶಿವಾಜಿನಗರದ ಕಚೇರಿಯಲ್ಲಿ ಕೂತು, ಇಂದಾಪುರದ ಕಬ್ಬಿನ ಬಗ್ಗೆ ಉಪಗ್ರಹ ಹೇಳಿದ್ದನ್ನೂ ರೈತರು ಹೇಳಿದ್ದನ್ನೂ ತಾಳೆ ನೋಡುತ್ತಿದ್ದ. ಕಚೇರಿಯ ಸಾಫ್ಟ್‌ವೇರು ಮಾತ್ರ ಕಚೇರಿಯ ಹೊಸ್ತಿಲು ದಾಟುವಂತಿರಲಿಲ್ಲ. ಮನೆಗೆಂದು ಮುಕ್ತವಾಗಿ ಸಿಗುವುದನ್ನು ಹುಡುಕಿ ಹುಡುಕಿ ಅವನಿಗೆ ಸಾಕಾಗಿತ್ತು. ಒಂದು ಇಳಿಯಲಿಲ್ಲ, ಇನ್ನೊಂದು ಇಳಿದರೂ ಓಡಲಿಲ್ಲ. ಕೊನೆಗೆ ಜೊತೆಗೆ ಕೆಲಸ ಮಾಡುವ ಸ್ನೇಹಲ್ ಹೇಳಿದ ಇದು ದಕ್ಕಿತು. ಬರೆದ ಪುಣ್ಯಾತ್ಮರು ಒಳಗಿನ ಲೆಕ್ಕವನ್ನೆಲ್ಲ ತೆರೆದಿಟ್ಟಿದ್ದರು, ಯಾರು ಬೇಕಾದರೂ ನೋಡಬಹುದು. ಇಬ್ಬರ ಮಾತು ಪೂರ್ತಿ ಹೊಂದಿದರೆ ಒಂದು. ಕಣ್ಣು ಮುಚ್ಚಿ ಒತ್ತಿದರೂ ಹೊಂದುವಷ್ಟೇ ಹೊಂದಿದರೆ ಸೊನ್ನೆ.

ಕೇದಾರನ ಗುರುತಿನ ಸಾಲಿನಲ್ಲಿ ಒಂದು ಬಂದಿತ್ತು. ಪಕ್ಕದ ಮನೆಯ ಮಧುಕರರ ಸಾಲಿನಲ್ಲೂ ಒಂದು. ಮೊದಮೊದಲು ರಾಘಣ್ಣನವರು ಆಗೀಗ ಗುರುತು ಹಿಡಿಯುತ್ತಿದ್ದರು, ಈಗ ಇಲ್ಲವೇ ಇಲ್ಲ ಎಂದು ತಾಯಿ ಮಗ ಇಬ್ಬರೂ ಒಪ್ಪಿದ್ದರು. ಸೊನ್ನೆ ಬಂದದ್ದು ಸುಲಭಾ ಅವರ ಸಾಲಿನಲ್ಲಿ. ಅಲ್ಲಿ ಅವನದು ದಿನಾ ಇಲ್ಲ, ಅವರದು ದಿನಾ ಹೌದು. ಕೇದಾರ ಎದ್ದು ಅಡುಗೆಮನೆಗೆ ಹೋದ.

"ಅವ್ವಾ, ಒಂದ ದಿನಾನೂ ನೀ ಇಲ್ಲ ಅಂತ ಒತ್ತಿಲ್ಲಲ್ಲ. ಹೆಂಗ?"

"ನನ್ನ ಗುರುತು ಹಿಡೀತಾರ, ಅದಕ್ಕ ಹೌದು ಒತ್ತೇನಿ."

"ಏನಂತ ಹಿಡೀತಾರ?"

"ಏನಂತ ಅಂದ್ರ? 'ಕೇಳಿದೇನ' ಅಂತ ಕರೀತಾರಲ್ಲ. ಮದಿವ್ಯಾದಾಗಿಂದ ನನ್ನ ಹಂಗ ಕರದಾರ. ಹೆಸರು ಹಿಡದು ಎಂದಾದ್ರೂ ಕರದದ್ದು ಕೇಳೀಯೇನ ನೀ?"

ಇಲ್ಲ, ಕೇಳಿರಲಿಲ್ಲ. ಧಾರವಾಡ ಬಿಟ್ಟು ಪುಣೆಯಲ್ಲಿ ಜೀವಮಾನ ಕಳೆದರೂ ರಾಘಣ್ಣನವರು ಆ ಮರ್ಯಾದೆ ಬಿಟ್ಟವರಲ್ಲ. ಹೆಂಡತಿಯ ಹೆಸರಿದ್ದ ಜಾಗದಲ್ಲಿ ಆ ಒಂದು ಮಾತೇ ಇತ್ತು. ಆದರೆ ಈಗೀಗ ಅವರು ಹಾಲಿನವನಿಗೂ 'ಕೇಳಿದೇನ' ಎನ್ನುತ್ತಿದ್ದರು, ಕಸ ಗುಡಿಸುವ ರಂಗೂಬಾಯಿಗೂ, ಟಿವಿಯಲ್ಲಿ ವಾರ್ತೆ ಓದುವವಳಿಗೂ. ಕೇದಾರ ಕಣ್ಣಾರೆ ಕಂಡಿದ್ದ. ಸುಲಭಾ ಕಂಡಿರಲಿಲ್ಲವೇ ಎಂದರೆ, ಹೇಗೆ ಕಂಡಾರು? ಆ ಕೂಗು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ "ಬಂದೆ" ಎಂದು ಓಡಿ ಬಂದು ಅವರೆದುರು ನಿಲ್ಲುತ್ತಿದ್ದರು. ಕರೆದದ್ದು ಯಾರನ್ನು ಎಂದು ನೋಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಇದನ್ನು ತಾಯಿಗೆ ಯಾವ ಬಾಯಿಂದ ಹೇಳುವುದು?

ಹೇಳುವ ಕೆಲಸ ಅವನಿಗೆ ಉಳಿಯಲಿಲ್ಲ. ರಾಘಣ್ಣನವರು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೇ ಬಂದರು. ಹೆಂಡತಿಯನ್ನು ದಾಟಿ ಬಂದು ಮಗನ ತೋಳು ಹಿಡಿದರು.

"ಕೇಳಿದೇನ, ಹಸಿವ್ಯಾಗೇದ."

"ಬಂ..." ಎಂದ ಸುಲಭಾ ಅಲ್ಲಿಗೇ ನಿಂತರು. ಗಂಡನ ಕೈ ಮಗನ ತೋಳಿನ ಮೇಲೆ ಇದ್ದದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಂದೆ ಬಂದು, ಜೀವನದಲ್ಲಿ ಎಂದೂ ಕೇಳದ್ದನ್ನು ಕೇಳಿದರು.

"ನನ್ನ ಹೆಸರೇನು, ಹೇಳ್ರಿ ನೋಡೋಣ."

ರಾಘಣ್ಣನವರು ಸಂಕೋಚದಿಂದ ಒಂದು ಹೆಜ್ಜೆ ಹಿಂದೆ ಸರಿದರು. "ನಿಮ್ಮ ಹೆಸರು ನನಗ ಹೆಂಗ ಗೊತ್ತಾಗಬೇಕ್ರಿ?"

"ಹೋಗ್ಲಿ. ನಿಮ್ಮ ಮನಿಯಾಕಿ ಹೆಸರು?"

ಅವರ ಮುಖ ಗಂಭೀರವಾಯಿತು. "ಬಾಯಾರ, ಮನಿಯಾಕಿ ಹೆಸರು ಹೊರಗಿನವರ ಮುಂದ ಹೇಳೂ ಪದ್ಧತಿ ನಮ್ಮಲ್ಲಿಲ್ಲ" ಎಂದರು ಮೆಲ್ಲಗೆ. ಮತ್ತೆ ಗೋಡೆ ಹಿಡಿದುಕೊಂಡು ತಮ್ಮ ಕುರ್ಚಿಗೆ ಹೋದರು.

ಕೇದಾರ "ಅವ್ವಾ" ಎಂದ. ಸುಲಭಾ ಬಟ್ಟಲನ್ನು ಸಿಂಕಿನಲ್ಲಿ ಬೋರಲು ಹಾಕಿ ನಳ ತಿರುವಿದರು. ಜೇನು ಅಂಟಿಕೊಂಡಿತ್ತು, ಬೇಗ ಹೋಗಲಿಲ್ಲ. ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದರು.

"ನಂದೂ ಎಲ್ಲಾ ಇಲ್ಲ ಅಂತ ಮಾಡು. ಡಾಕ್ಟರಿಗೆ ಹೇಳು, ಇಬ್ರದೂ ಹೊಂದ್ತು ಅಂತ."

"ಬ್ಯಾಡ ಅವ್ವಾ, ಇನ್ನೊಂದು ವಾರ ನೋಡೋಣ."

ಹೊರಗಿನಿಂದ "ಕೇಳಿದೇನ" ಎಂಬ ಕೂಗು ಬಂತು. ಸುಲಭಾ ಅವರ ಕಾಲು ತಾನಾಗಿಯೇ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿತು, ಅಲ್ಲೇ ನಿಂತಿತು. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ನೀ ಹೋಗಪಾ" ಎಂದರು ಮಗನಿಗೆ. "ಯಾರು ಹೋದ್ರೂ ನಡೀತದ."