ತೂಕಡಿಕೆ

ಆಪ್ತ ಸಮಾಲೋಚಕಿ ಆ ಪ್ರಾಥಮಿಕ ಶಾಲೆಗೆ ಬರುತ್ತಿದ್ದುದು ಮಂಗಳವಾರ ಮಾತ್ರ. ಅಂಥ ಒಂದು ಮಂಗಳವಾರ ಟೀಚರು ಎರಡನೇ ಕ್ಲಾಸಿನ ಸಿಂಚನಾಳನ್ನು ಕೈ ಹಿಡಿದು ಕರೆತಂದು ಅವಳ ಮುಂದೆ ನಿಲ್ಲಿಸಿದರು.

"ಇವಳಿಗೆ ನನ್ನ ಪಾಠ ಜೋಗುಳ ಇದ್ದ ಹಾಗೆ, ಮೇಡಂ. ಬೆಳಗ್ಗೆ ಪ್ರಾರ್ಥನೇಲೂ ನಿಂತೇ ತೂಕಡಿಸ್ತಾಳೆ. ನೀವೇ ಏನಾದ್ರೂ ಮಾಡಿ."

ಟೀಚರು ಹೋದ ಮೇಲೆ ಸಮಾಲೋಚಕಿ ಮೆಲ್ಲಗೆ ಕೇಳಿದಳು. "ರಾತ್ರಿ ನಿದ್ದೆ ಮಾಡಲ್ವಾ, ಪುಟ್ಟಿ?"

"ಇಲ್ಲ ಮಿಸ್. ಅಮ್ಮನ ಸೆರಗು ಹಿಡ್ಕೊಂಡು ಎಚ್ಚರ ಇರ್ತೀನಿ. ನಿದ್ದೆ ಮಾಡಿದ್ರೆ ಅಮ್ಮ ನನ್ನ ಬಿಟ್ಟು ಹೋಗ್ಬಿಡ್ತಾಳೆ."

ಈ ವಯಸ್ಸಿನ ಮಕ್ಕಳಿಗೆ ಇಂಥ ಹೆದರಿಕೆ ಇದ್ದದ್ದೇ ಎಂದು ಸಮಾಲೋಚಕಿ ತರಬೇತಿಯಲ್ಲಿ ಕಲಿತಿದ್ದಳು. ಮಗುವಿನ ತಲೆ ಸವರಿದಳು.

"ಯಾವ ಅಮ್ಮನೂ ಮಗಳನ್ನ ಬಿಟ್ಟು ಹೋಗಲ್ಲ ಕಣೇ. ಇವತ್ತು ಸೆರಗು ಬಿಟ್ಟು ಹಾಯಾಗಿ ಮಲಗು. ನನ್ನ ಮೇಲೆ ನಂಬಿಕೆ ಇದೆ ತಾನೇ?"

ಸಿಂಚನಾ ತುಂಬ ಹೊತ್ತು ಯೋಚಿಸಿ, ಇದೆ ಎಂದು ತಲೆಯಾಡಿಸಿದಳು.

ಮುಂದಿನ ಮಂಗಳವಾರ ಟೀಚರು ಗೇಟಿನ ಹತ್ತಿರವೇ ಸಿಕ್ಕರು. "ಅದೇನು ಮಂತ್ರ ಹಾಕಿದ್ರಿ ಮೇಡಂ? ಹುಡುಗಿ ವಾರದಿಂದ ಒಂದು ಸಲವೂ ತೂಕಡಿಸಿಲ್ಲ!"

ಸಮಾಲೋಚಕಿ ಹಿಗ್ಗಿದಳು. ಸಿಂಚನಾಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡಳು. "ಈಗ ರಾತ್ರಿಯೆಲ್ಲ ನಿದ್ದೆ ಮಾಡ್ತೀಯಾ, ಪುಟ್ಟಿ?"

"ಹ್ಞೂಂ ಮಿಸ್. ಅವತ್ತೇ ಅಮ್ಮ ಹೊರಟುಹೋದ್ಲು. ಇನ್ಯಾಕೆ ಎಚ್ಚರ ಇರ್ಲಿ?"